ಸೇರಿದವರೆಷ್ಟು, ದಡ ಮುಟ್ಟಿದವರೆಷ್ಟು

ಪದವಿ ಕಾಲೇಜೊಂದರಲ್ಲಿ ಒಂದು ವರ್ಷ 120 ಮಂದಿ ಬಿ.ಎ.ಗೆ ಸೇರಿದರು ಅಂತಿಟ್ಟುಕೊಳ್ಳಿ. ಮೊದಲ ವರ್ಷ ಮುಗಿಯುವಷ್ಟರಲ್ಲೇ ಒಂದಷ್ಟು ಜನ ಉದುರಿಹೋಗುತ್ತಾರೆ. ಯಾರಿಗೋ ಮದುವೆ ಗೊತ್ತಾಗುತ್ತದೆ, ಯಾರೋ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೊರಡುತ್ತಾರೆ, ಇನ್ಯಾರಿಗೋ ಊರಿಂದ ಬರುವ ಒಂದೇ ಬಸ್ಸು ತಪ್ಪಿ ತಪ್ಪಿ ಹಾಜರಾತಿ ಸಾಲದಾಗುತ್ತದೆ. ಎರಡನೇ ವರ್ಷದ ಹೊತ್ತಿಗೆ ಐದಾರು ಪೇಪರ್ ಬಾಕಿ ಉಳಿಸಿಕೊಂಡವರು ಕಾಲೇಜಿನ ಕಡೆ ತಲೆ ಹಾಕುವುದಿಲ್ಲ. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂತವರು 74. ಪಾಸಾದವರು 68. ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿ ‘ಶೇ. 92 ಫಲಿತಾಂಶ’ ಎಂದು ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, 74ರಲ್ಲಿ 68 ಅಷ್ಟೇ ಆಗುತ್ತದೆ. ಆದರೆ ಸೇರಿದ 120 ಮಂದಿಯನ್ನು ಕೆಳಗಿಟ್ಟು ಭಾಗಿಸಿದರೆ ಅದೇ ಕಾಲೇಜಿನ ಫಲಿತಾಂಶ ಶೇ. 57.

ಈ ಎರಡು ಅಂಕಿಗಳ ನಡುವೆ ಇರುವ 46 ಮಂದಿ ಯಾವ ವರದಿಯಲ್ಲೂ ಇಲ್ಲ. ಉನ್ನತ ಶಿಕ್ಷಣದ ಗುಣಮಟ್ಟದ ಬಗ್ಗೆ ನಾವು ನಡೆಸುವ ಚರ್ಚೆಯಲ್ಲಿ ನನಗೆ ಅತ್ಯಂತ ನೋವಿನ ಸಂಗತಿ ಇದು. ಕಾಲೇಜಿನ ಜಾಹೀರಾತು ಹಾಗಿರಲಿ, ಕಾಲೇಜನ್ನು ಅಳೆಯಲೆಂದೇ ಇರುವ ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಕೂಡ ಇದೇ ಲೆಕ್ಕ ಹಿಡಿಯುತ್ತದೆ. ನ್ಯಾಕ್‌ನ ಕೈಪಿಡಿಯಲ್ಲಿ ಉತ್ತೀರ್ಣರ ಪ್ರಮಾಣ ಎಂಬ ಅಂಶವಿದೆ. ಅಂತಿಮ ವರ್ಷದ ಪರೀಕ್ಷೆಗೆ ಹಾಜರಾದವರಲ್ಲಿ ಎಷ್ಟು ಜನ ಪಾಸಾದರು ಎಂಬುದಷ್ಟೇ ಅಲ್ಲಿ ಬೇಕಾದದ್ದು. ಪ್ರವೇಶ ಪಡೆದವರಲ್ಲಿ ಎಷ್ಟು ಜನ ಅಲ್ಲಿಯವರೆಗೆ ಬಂದರು ಎಂಬ ಪ್ರಶ್ನೆ ಆ ಲೆಕ್ಕದೊಳಗೆ ಬರುವುದಿಲ್ಲ.

ನ್ಯಾಕ್ ಬಗ್ಗೆ ಎರಡು ಮಾತು. 1994ರಲ್ಲಿ ಯುಜಿಸಿ ಕಟ್ಟಿದ ಸಂಸ್ಥೆ, ಕೇಂದ್ರ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. 2017ರಲ್ಲಿ ಬದಲಾದ ಪದ್ಧತಿಯಂತೆ ಕಾಲೇಜು ಮೊದಲು ಅರ್ಜಿ ಹಾಕಬೇಕು, ಆಮೇಲೆ ಎಸ್‌ಎಸ್‌ಆರ್ ಎಂಬ ಸ್ವಯಂ ಅಧ್ಯಯನ ವರದಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದರಲ್ಲಿನ ಅಂಕಿ ಅಂಶಗಳನ್ನು ದಾಖಲೆಗಳ ಜೊತೆ ತಾಳೆ ನೋಡುವ ಡಿವಿವಿ ಹಂತ, ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ, ಕೊನೆಗೆ ಪಿಯರ್ ಟೀಮ್ ಎಂಬ ಹೊರಗಿನ ಪರಿಶೀಲನಾ ತಂಡದ ಭೇಟಿ. ಒಟ್ಟು ಏಳು ಮಾನದಂಡ, 1000 ಅಂಕ. ಸಂಯೋಜಿತ ಪದವಿ ಕಾಲೇಜಿಗೆ ಇದರಲ್ಲಿ 350 ಅಂಕ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ. ಎಲ್ಲ ಕೂಡಿ 4ಕ್ಕೆ ಒಂದು ಸಿಜಿಪಿಎ ಬರುತ್ತದೆ: 3.51ರಿಂದ ಮೇಲೆ ಎ ಪ್ಲಸ್ ಪ್ಲಸ್, 3.26ರಿಂದ 3.50 ಎ ಪ್ಲಸ್, 3.01ರಿಂದ 3.25 ಎ. ಹೀಗೇ ಇಳಿಯುತ್ತಾ 1.50 ಮತ್ತು ಅದರ ಕೆಳಗೆ ಡಿ, ಅಂದರೆ ಮಾನ್ಯತೆ ಇಲ್ಲ.

ಇದರಿಂದ ಒಳ್ಳೆಯದಾಗಿಲ್ಲ ಎಂದರೆ ಅನ್ಯಾಯವಾದೀತು. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು ಎಂದು ಬರೆದಿಡದ ಕಾಲೇಜುಗಳು ಬರೆದಿಡಲು ಕಲಿತವು. ರ‍್ಯಾಂಪ್ ಬಂತು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಂತು, ದೂರು ಕೊಡಲು ಒಂದು ಸಮಿತಿ ಬಂತು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮಟ್ಟಿಗೆ ಇವೇನು ಸಣ್ಣ ಸಂಗತಿಗಳಲ್ಲ.

ತೊಂದರೆ ಇರುವುದು ಬೇರೆ ಕಡೆ. ಒಂದು ಕಾಲೇಜಿನಲ್ಲಿ ಎರಡು ಬಗೆಯ ದಾಖಲೆಗಳು ಹುಟ್ಟುತ್ತವೆ. ಒಂದು, ಪಾಠ ನಡೆದಾಗ ತಾನಾಗಿ ಹುಟ್ಟುವುದು: ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ತಿದ್ದಿದ ಉತ್ತರಪತ್ರಿಕೆ, ಪ್ರಯೋಗಾಲಯದ ರೆಕಾರ್ಡ್, ಗ್ರಂಥಾಲಯದಲ್ಲಿ ಪುಸ್ತಕ ಎರವಲು ಹೋದ ಲೆಕ್ಕ. ಇನ್ನೊಂದು, ತೋರಿಸಲೆಂದೇ ಹುಟ್ಟುವುದು: ಅಕ್ಷಾಂಶ ರೇಖಾಂಶ ಮೂಡಿದ ಜಿಯೋಟ್ಯಾಗ್ ಫೋಟೊ, ಕಾರ್ಯಾಗಾರದ ವರದಿ, ಪಕ್ಕದ ಊರಿನ ಕಾಲೇಜಿನ ಜೊತೆ ಮಾಡಿಕೊಂಡ ಒಡಂಬಡಿಕೆ ಪತ್ರ, ‘ಉತ್ತಮ ಅಭ್ಯಾಸಗಳು’ ಎಂಬ ಎರಡು ಪುಟ. ನ್ಯಾಕ್‌ನ ಅಂಕಗಳಲ್ಲಿ ಸುಮಾರು ಶೇ. 70 ಪರಿಮಾಣಾತ್ಮಕ ಅಂಶಗಳಿಗೆ ಹೋಗುತ್ತವೆ. ಅವುಗಳಲ್ಲಿ ಬಹಳಷ್ಟನ್ನು ತೃಪ್ತಿಪಡಿಸುವುದು ಎರಡನೇ ಬಗೆಯ ದಾಖಲೆ. ಕಾರ್ಯಾಗಾರ ಎಷ್ಟು ನಡೆಯಿತು ಎಂದು ಎಣಿಸಬಹುದು. ಕಾರ್ಯಾಗಾರದಿಂದ ಬಂದ ಮೇಲೆ ಮೇಷ್ಟ್ರು ಪಾಠ ಮಾಡುವ ರೀತಿ ಬದಲಾಯಿತೇ ಎಂದು ಎಣಿಸಲಾಗುವುದಿಲ್ಲ. ಹಾಗಾಗಿ ಎಣಿಕೆಗೆ ಸಿಗುವುದು ಬೆಳೆಯುತ್ತದೆ.

ಅದನ್ನು ಬೆಳೆಸುವ ಹೊತ್ತು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಪಾಠದ ಬಹುಪಾಲು ಭಾರ ಹೊತ್ತಿರುವವರು ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರು. ಕಾಯಂ ಅಧ್ಯಾಪಕರು ವಿಭಾಗಕ್ಕೊಬ್ಬರೋ ಇಬ್ಬರೋ. ಐಕ್ಯುಎಸಿ ಎಂಬ ಆಂತರಿಕ ಗುಣಮಟ್ಟ ಘಟಕದ ಸಂಚಾಲಕರಾಗುವವರೂ, ವರ್ಷವರ್ಷ ಎಕ್ಯುಎಆರ್ ಎಂಬ ಗುಣಮಟ್ಟದ ವರದಿ ಕಳಿಸುವವರೂ, ಐದು ವರ್ಷದ ಕಡತಗಳನ್ನು ಸ್ಕ್ಯಾನ್ ಮಾಡಿಸಿ ಏರಿಸುವವರೂ ಅವರೇ. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಪಿಯರ್ ಟೀಮ್ ಬರುವ ವರ್ಷ ಆ 16 ಗಂಟೆಗಳಿಗೆ ಏನಾಗುತ್ತದೆ ಎಂದು ಯಾವುದೇ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ ನೋಡಿ. ಗುಣಮಟ್ಟ ಅಳೆಯುವ ಕೆಲಸವೇ ಗುಣಮಟ್ಟವನ್ನು ತಿನ್ನುತ್ತದೆ.

ಇದರ ಮೇಲೆ ಗ್ರೇಡಿಗೆ ಲಾಭವೂ ಅಂಟಿಕೊಂಡಿತು. 2018ರ ಯುಜಿಸಿ ನಿಯಮದಲ್ಲಿ 3.51 ದಾಟಿದ ವಿಶ್ವವಿದ್ಯಾಲಯ ಮೊದಲ ವರ್ಗ, 3.26 ದಾಟಿದ್ದು ಎರಡನೇ ವರ್ಗ. ವರ್ಗ ಮೇಲಾದಷ್ಟೂ ಹೊಸ ಕೋರ್ಸು, ಹೊಸ ವಿಭಾಗ ತೆರೆಯಲು ಅನುಮತಿಯ ಗೋಜು ಕಡಿಮೆ. ದಶಾಂಶದ ಒಂದೆರಡು ಅಂಶಕ್ಕೆ ಇಷ್ಟು ಬೆಲೆ ಬಂದಾಗ ಅದನ್ನು ಬೆಲೆ ಕೊಟ್ಟು ಕೊಳ್ಳಲು ನೋಡುವವರೂ ಹುಟ್ಟಿಕೊಳ್ಳುತ್ತಾರೆ. 2025ರ ಫೆಬ್ರವರಿಯಲ್ಲಿ ಆಂಧ್ರದ ಸಂಸ್ಥೆಯೊಂದಕ್ಕೆ ಎ ಪ್ಲಸ್ ಪ್ಲಸ್ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿತು. ಅದಕ್ಕೂ ಮೊದಲೇ, ಇಸ್ರೊದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಅಕ್ಷರದ ಗ್ರೇಡುಗಳನ್ನೇ ಬಿಟ್ಟು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಉತ್ತರ ಸಾಕು, ಮೇಲೇರಬಯಸುವವರಿಗೆ ಐದು ಹಂತಗಳಿರಲಿ ಎಂದು ಶಿಫಾರಸು ಮಾಡಿತ್ತು. 2024ರ ಜನವರಿಯಲ್ಲಿ ನ್ಯಾಕ್ ಅದನ್ನು ಒಪ್ಪಿ ಪ್ರಕಟಿಸಿತು. ನನಗೆ ಇದು ಸರಿಯಾದ ದಿಕ್ಕು ಎನಿಸುತ್ತದೆ. ಕುಡಿಯುವ ನೀರಿಗೆ ನಾವು ಗ್ರೇಡ್ ಕೊಡುವುದಿಲ್ಲ, ಕುಡಿಯಬಹುದೇ ಇಲ್ಲವೇ ಎಂದಷ್ಟೇ ಹೇಳುತ್ತೇವೆ. ಅಧ್ಯಾಪಕರು, ಪ್ರಯೋಗಾಲಯ, ಪರೀಕ್ಷೆಯ ಶಿಸ್ತು ಇವಿಷ್ಟೂ ಇವೆಯೇ ಎಂಬ ಪ್ರಶ್ನೆಯೂ ಆ ಜಾತಿಯದು. ಆದರೆ ಆ ‘ಇದೆ, ಇಲ್ಲ’ ಕೂಡ ತೋರಿಸಲೆಂದು ಹುಟ್ಟಿದ ಕಡತಗಳ ಮೇಲೇ ನಿಂತರೆ ಹಳೆಯ ಕತೆಯೇ ಮುಂದುವರಿಯುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಕಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಅಮೆರಿಕದ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿತ್ತು. ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೇಲ್ ಥ್ಯಾಡಿಯಸ್ 2022ರ ಆರಂಭದಲ್ಲಿ ಕೂತು ಲೆಕ್ಕ ಹಾಕಿದರು. ಶೇ. 82.5ರಷ್ಟು ತರಗತಿಗಳಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದಾರೆ ಎಂದು ವಿಶ್ವವಿದ್ಯಾಲಯ ಹೇಳಿಕೊಂಡಿತ್ತು. ಅವರು ಮಾಡಿದ್ದು ಇಷ್ಟೇ: ವಿಶ್ವವಿದ್ಯಾಲಯವೇ ವಿದ್ಯಾರ್ಥಿಗಳಿಗಾಗಿ ಪ್ರಕಟಿಸುವ ತರಗತಿಗಳ ಪಟ್ಟಿ ತೆಗೆದುಕೊಂಡು ಒಂದೊಂದರಲ್ಲೂ ಎಷ್ಟು ಜನ ಎಂದು ಎಣಿಸಿದ್ದು. ಉತ್ತರ ಶೇ. 63ರಿಂದ 67ರ ನಡುವೆ ಬಂತು. ಅದೇ ಸೆಪ್ಟೆಂಬರಿನಲ್ಲಿ ಕೊಲಂಬಿಯಾ 18ನೇ ಸ್ಥಾನಕ್ಕೆ ಇಳಿಯಿತು. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ಕುಸಿತವಲ್ಲ. ಅವರು ಹಿಡಿದ ಸಾಕ್ಷಿ ಯಾವುದು ಎಂಬುದು. ರ‍್ಯಾಂಕಿಂಗಿಗೆ ಕಳಿಸಿದ ಅಂಕಿ ತೋರಿಸಲು ಹುಟ್ಟಿದ್ದು. ತರಗತಿಗಳ ಪಟ್ಟಿ ಕೆಲಸಕ್ಕಾಗಿ ಹುಟ್ಟಿದ್ದು, ಅದು ಸುಳ್ಳಾದರೆ ವಿದ್ಯಾರ್ಥಿಗೆ ತನ್ನ ತರಗತಿ ಎಲ್ಲಿ ಎಂದೇ ಗೊತ್ತಾಗುವುದಿಲ್ಲ.

ನಮ್ಮ ಎನ್‌ಐಆರ್‌ಎಫ್ ಪಟ್ಟಿ, ಅಂದರೆ ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್, 2016ರಿಂದ ಬರುತ್ತಿದೆ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಅಂದಿನಿಂದ 2025ರವರೆಗೆ ಪ್ರತಿ ವರ್ಷವೂ ಮೊದಲು ನಿಂತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಹೆಮ್ಮೆಯ ಮಾತು, ಸಂಶಯವಿಲ್ಲ. ಆದರೆ ಪಿಯುಸಿ ಮುಗಿಸಿದ ಮಗಳನ್ನು ಎಲ್ಲಿ ಸೇರಿಸಲಿ ಎಂದು ಸಿಇಟಿ ಆಪ್ಷನ್ ಎಂಟ್ರಿಯ ಮುಂದೆ ಕೂತ ತಂದೆಗೆ ಆ ಪಟ್ಟಿಯ ಸ್ಥಾನಗಳಿಂದ ಸಿಗುವುದು ಕಡಿಮೆ. ವಿಶ್ವವಿದ್ಯಾಲಯಗಳಿಗೂ ಎಂಜಿನಿಯರಿಂಗಿಗೂ ಅದರಲ್ಲಿ ಶೇ. 30 ಬೋಧನೆ ಮತ್ತು ಸಂಪನ್ಮೂಲಕ್ಕೆ, ಶೇ. 30 ಸಂಶೋಧನೆಗೆ, ಶೇ. 20 ಪದವೀಧರರ ಫಲಿತಾಂಶಕ್ಕೆ, ಉಳಿದ ಶೇ. 20 ಸಮಾನವಾಗಿ ಒಳಗೊಳ್ಳುವಿಕೆಗೂ ಜನಾಭಿಪ್ರಾಯಕ್ಕೂ. ಸ್ಥಾನ ನೋಡುವುದಕ್ಕಿಂತ ಅದರ ಹಿಂದಿನ ಕಡತ ಓದುವುದು ಮೇಲು. ಭಾಗವಹಿಸುವ ಸಂಸ್ಥೆ ತಾನು ಕೊಟ್ಟ ಮಾಹಿತಿಯ ಪಿಡಿಎಫ್ ಅನ್ನು ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಕಾಲೇಜಿನ ಹೆಸರಿನ ಜೊತೆ ‘ಎನ್‌ಐಆರ್‌ಎಫ್ ಡೇಟಾ’ ಎಂದು ಹುಡುಕಿದರೆ ಸಿಗುತ್ತದೆ.

ಅದರಲ್ಲಿ ಉದ್ಯೋಗ ಮತ್ತು ಉನ್ನತ ವ್ಯಾಸಂಗದ ಕೋಷ್ಟಕಕ್ಕೆ ಹೋಗಿ. ಸಾಲಿನಲ್ಲಿ ಎಡದಿಂದ ಬಲಕ್ಕೆ ಹೀಗಿರುತ್ತದೆ: ಮೊದಲ ವರ್ಷದ ಸೀಟು ಎಷ್ಟು, ಸೇರಿದವರೆಷ್ಟು, ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ, ಬಂದವರೆಷ್ಟು, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಸಂಬಳದ ಮಧ್ಯಾಂಕ ಎಷ್ಟು, ಮುಂದೆ ಓದಲು ಹೋದವರೆಷ್ಟು. ಕಾಲೇಜಿನವರು ಆಡುವುದು ಈ ಸಾಲಿನ ಒಂದೇ ಅಂಕಿಯನ್ನು, ಸಂಬಳವನ್ನು. ಉದಾಹರಣೆಗೆ ಸೇರಿದವರು 200, ಲ್ಯಾಟರಲ್ 20, ಹೊತ್ತಿಗೆ ಸರಿಯಾಗಿ ಮುಗಿಸಿದವರು 150, ಕೆಲಸ ಸಿಕ್ಕವರು 60, ಮಧ್ಯಾಂಕ 6 ಲಕ್ಷ ಅಂತಿದ್ದರೆ ಆ 6 ಲಕ್ಷ 60 ಜನರ ನಟ್ಟನಡುವಿನವನ ಸಂಬಳ ಮಾತ್ರ. ಕೆಲಸ ಸಿಗದವರು ಆ ಲೆಕ್ಕದಲ್ಲಿ ಸೊನ್ನೆಯಾಗಿಯೂ ಇಲ್ಲ, ಇಲ್ಲವೇ ಇಲ್ಲ. 220 ಮಂದಿಯಲ್ಲಿ 30 ಜನಕ್ಕೆ 6 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಸಿಕ್ಕಿತು ಎಂಬುದು ಆ ಸಾಲಿನ ನಿಜವಾದ ಓದು. ಏಳರಲ್ಲಿ ಒಬ್ಬರು. ಮೂರು ವರ್ಷದ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ.

ಅಧ್ಯಾಪಕರ ಪಟ್ಟಿ ಇದ್ದರೆ ಅದನ್ನೂ ಬಿಡಬೇಡಿ. ಹೆಸರು, ವಿದ್ಯಾರ್ಹತೆಗಿಂತ ಸೇರಿದ ದಿನಾಂಕದ ಕಾಲಂ ಮುಖ್ಯ. ಒಂದೇ ವಿಭಾಗದ 12 ಜನರಲ್ಲಿ 8 ಜನ ಹಿಂದಿನ ಎರಡು ವರ್ಷದೊಳಗೆ ಸೇರಿದವರಾದರೆ, ವಿಭಾಗ ಹೊಸದೇ ಅಥವಾ ಅಲ್ಲಿ ಯಾರೂ ನಿಲ್ಲುವುದಿಲ್ಲವೇ ಎಂದು ಕೇಳಬೇಕು. ಪರಿಶೀಲನೆಯ ತಿಂಗಳಿಗೆ ಸ್ವಲ್ಪ ಮುಂಚೆ ಒಟ್ಟಿಗೇ ಸೇರಿದ ಗುಂಪು ಕಂಡರೆ ಇನ್ನೂ ಗಟ್ಟಿಯಾಗಿ ಕೇಳಬೇಕು. ಎನ್‌ಐಆರ್‌ಎಫ್‌ನಲ್ಲಿ ಎಂಜಿನಿಯರಿಂಗಿಗೆ ಪೂರ್ಣ ಅಂಕ ಬರುವುದು 15 ವಿದ್ಯಾರ್ಥಿಗೊಬ್ಬ ಅಧ್ಯಾಪಕನಿದ್ದಾಗ, ಹಾಗಾಗಿ ಹೆಸರು ತುಂಬಿಸುವ ಒತ್ತಡ ಇದ್ದೇ ಇರುತ್ತದೆ.

ಸಂಶೋಧನೆಯ ಅಂಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂಜಾಬ್ ವಿಶ್ವವಿದ್ಯಾಲಯ 2013ರ ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿಯಲ್ಲಿ ಭಾರತದಿಂದ ಎಲ್ಲರಿಗಿಂತ ಮೇಲೆ ನಿಂತಿತ್ತು. ಜಿನೀವಾದ ಸರ್ನ್ ಪ್ರಯೋಗಗಳಲ್ಲಿ ಪಾಲುಗೊಂಡ ಅಲ್ಲಿನ ಭೌತವಿಜ್ಞಾನಿಗಳ ಹೆಸರು ಸಾವಿರಾರು ಲೇಖಕರಿದ್ದ ಪ್ರಬಂಧಗಳಲ್ಲಿತ್ತು, ಉಲ್ಲೇಖಗಳ ಸಂಖ್ಯೆ ಏರಿತು. ಅವರ ಭೌತಶಾಸ್ತ್ರ ನಿಜಕ್ಕೂ ಒಳ್ಳೆಯದು. ಆದರೆ ಅದರಿಂದ ಅಲ್ಲಿನ ಇತಿಹಾಸ ವಿಭಾಗದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಗುಣಮಟ್ಟ ಇರುವುದು ವಿಭಾಗದಲ್ಲಿ, ಗೋಪುರದ ಮೇಲಿನ ಹೆಸರಿನಲ್ಲಲ್ಲ. ಒಂದೇ ಕಾಂಪೌಂಡಿನೊಳಗೆ ಹೊಳೆಯುವ ಗಣಿತ ವಿಭಾಗವೂ ಸತ್ತಂತಿರುವ ರಸಾಯನಶಾಸ್ತ್ರ ವಿಭಾಗವೂ ಇರಬಹುದು, ಸರಾಸರಿ ಎರಡನ್ನೂ ಮುಚ್ಚುತ್ತದೆ. ಎಂಜಿನಿಯರಿಂಗಿನಲ್ಲಿ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಕೋರ್ಸು ಕೋರ್ಸಿಗೆ ಬೇರೆಯಾಗಿ ಕೊಡುವುದು ಈ ಕಾರಣಕ್ಕೇ ಹೆಚ್ಚು ಉಪಯುಕ್ತ. ಕಾಲೇಜಿಗೆ ಎನ್‌ಬಿಎ ಇದೆ ಎಂದವರನ್ನು ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಬೇಕು.

ಹಾಗಾದರೆ ಸರಿಯಾದ ಅಳತೆ ಯಾವುದು? ಎಂಥವರನ್ನು ಸೇರಿಸಿಕೊಂಡು ಎಲ್ಲಿಗೆ ಮುಟ್ಟಿಸಿದರು ಎಂಬುದು. ಪಿಯುಸಿಯಲ್ಲಿ ಶೇ. 95 ತೆಗೆದವರನ್ನೇ ಆರಿಸಿಕೊಂಡ ಕಾಲೇಜಿನಲ್ಲಿ ಎಲ್ಲರೂ ಡಿಸ್ಟಿಂಕ್ಷನ್ ಪಡೆದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು? ಶೇ. 45 ತೆಗೆದು ಬಂದ, ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ ಮೂರು ವರ್ಷದಲ್ಲಿ ಶೇ. 65ಕ್ಕೆ ಬಂದರೆ ಅದು ಮೇಷ್ಟ್ರುಗಳ ಕೆಲಸ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ತೋರಿಸಿಕೊಟ್ಟದ್ದು ಇದಕ್ಕೆ ಹತ್ತಿರದ ಸಂಗತಿ: ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಸಿಕ್ಕವರ ಪೈಕಿ ದೊಡ್ಡ ಹೆಸರಿನ ಕಡೆ ಹೋದವರೂ ಸಣ್ಣ ಹೆಸರಿನ ಕಡೆ ಹೋದವರೂ ಮುಂದೆ ಸರಾಸರಿ ಹೆಚ್ಚುಕಡಿಮೆ ಒಂದೇ ಸಂಪಾದಿಸುತ್ತಿದ್ದರು. ಕಡಿಮೆ ಆದಾಯದ ಮನೆಗಳಿಂದ ಬಂದವರಿಗೆ ಮಾತ್ರ ಕಾಲೇಜು ಯಾವುದೆಂಬುದು ವ್ಯತ್ಯಾಸ ಮಾಡಿತ್ತು. ಅಂದರೆ ಯಾರಿಗೆ ಕಾಲೇಜಿನ ಗುಣಮಟ್ಟ ಅತ್ಯಂತ ಅಗತ್ಯವೋ ಅವರ ಲೆಕ್ಕದಿಂದಲೇ ಅಳೆಯಬೇಕು.

ಬ್ರೆಜಿಲ್ ಇದನ್ನು ದೇಶದ ಮಟ್ಟದಲ್ಲಿ ಮಾಡುತ್ತಿದೆ. ಪದವಿ ಮುಗಿಸುವವರಿಗೆ 2004ರಿಂದ ಎನಾಡೆ ಎಂಬ ಪರೀಕ್ಷೆ ಇದೆ. ಅವರು ಪ್ರೌಢಶಾಲೆಯ ಕೊನೆಯಲ್ಲಿ ಬರೆದ ಪರೀಕ್ಷೆಯ ಅಂಕದಿಂದ ಇಲ್ಲಿ ಎಷ್ಟು ಬರಬೇಕಿತ್ತು ಎಂದು ಅಂದಾಜು ಮಾಡಿ, ಬಂದದ್ದಕ್ಕೂ ಬರಬೇಕಿದ್ದಕ್ಕೂ ಇರುವ ಅಂತರವನ್ನು ಕೋರ್ಸಿನ ಸೂಚ್ಯಂಕವಾಗಿ ಪ್ರಕಟಿಸುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಪರೀಕ್ಷೆಯೂ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಯೋಜಿತ ಕಾಲೇಜುಗಳ ವ್ಯವಸ್ಥೆಯನ್ನು ನಾವು ಯಾವಾಗಲೂ ಬೈಯುತ್ತೇವೆ, ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಒಂದು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳೆಲ್ಲ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತವೆ, ಮೌಲ್ಯಮಾಪನ ಒಂದು ಕಡೆ ನಡೆಯುತ್ತದೆ, ಉತ್ತರಪತ್ರಿಕೆಯ ಮೇಲೆ ಕಾಲೇಜಿನ ಹೆಸರಿರುವುದಿಲ್ಲ. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ 2021ರಿಂದ ಯುಯುಸಿಎಂಎಸ್ ತಂತ್ರಾಂಶದಲ್ಲಿದೆ. ಪಿಯುಸಿ ಅಂಕ ಪ್ರವೇಶದ ಅರ್ಜಿಯಲ್ಲೇ ಇರುತ್ತದೆ. ಮಾಡಬೇಕಾದದ್ದು ಇಷ್ಟು. ಸೇರಿದವರನ್ನು ಪಿಯುಸಿ ಅಂಕದ ಪ್ರಕಾರ ನಾಲ್ಕು ಗುಂಪು ಮಾಡಿ: 50ಕ್ಕಿಂತ ಕಡಿಮೆ, 50ರಿಂದ 60, 60ರಿಂದ 75, ಅದಕ್ಕೂ ಮೇಲೆ. ಒಂದೊಂದು ಗುಂಪಿನಲ್ಲೂ ಸೇರಿದವರ ಪೈಕಿ ಹೊತ್ತಿಗೆ ಸರಿಯಾಗಿ ಪದವಿ ಪಡೆದವರ ಪ್ರಮಾಣ ವಿಶ್ವವಿದ್ಯಾಲಯದ ಒಟ್ಟು ಲೆಕ್ಕದಲ್ಲಿ ಎಷ್ಟು, ಈ ಕಾಲೇಜಿನಲ್ಲಿ ಎಷ್ಟು ಎಂದು ನೋಡಿ. ವ್ಯತ್ಯಾಸವೇ ಕಾಲೇಜಿನ ಅಂಕ.

ಇದರಲ್ಲೂ ಎಡವುವ ಜಾಗಗಳಿವೆ, ಮೊದಲೇ ತಿಳಿದಿರಬೇಕು. ಸಣ್ಣ ಸಂಖ್ಯೆ ಮೊದಲನೆಯದು. 30 ಜನರ ಗುಂಪಿನಲ್ಲಿ ಶೇ. 60 ಪಾಸಾದರೆ ಆ ಅಂಕಿ ಬರೀ ಅದೃಷ್ಟದಿಂದಲೇ ಶೇ. 9ರಷ್ಟು ಆಚೀಚೆ ಆಗಬಹುದು. ಹಾಗಾಗಿ ಒಂದು ವರ್ಷ 60, ಮರುವರ್ಷ 68 ಆದರೆ ಏರಿಕೆ ಎಂದು ಸಂಭ್ರಮಿಸುವ ಹಾಗಿಲ್ಲ. ಮೂರು ವರ್ಷ ಕೂಡಿಸಿ 90 ಜನ ಮಾಡಿಕೊಂಡರೆ ಈ ಅಲುಗಾಟ ಶೇ. 5ಕ್ಕೆ ಇಳಿಯುತ್ತದೆ. ಎರಡನೆಯದು, ದುರ್ಬಲ ವಿದ್ಯಾರ್ಥಿಗೆ ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಿಸದೇ ಇರುವ ಚಾಳಿ. ಸೇರಿದವರನ್ನೇ ಕೆಳಗಿಟ್ಟು ಭಾಗಿಸಿದರೆ ಅದರಿಂದ ಕಾಲೇಜಿಗೆ ಲಾಭವಾಗುವುದಿಲ್ಲ, ಟಿಸಿ ತೆಗೆದುಕೊಂಡು ಇನ್ನೊಂದು ಕಾಲೇಜಿಗೆ ಹೋದವರನ್ನು ಮಾತ್ರ ಬೇರೆ ತೋರಿಸಬೇಕು. ಮೂರನೆಯದು ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಓದುವವರ ಪ್ರಶ್ನೆ. ಒಂದೇ ಪಿಯುಸಿ ಅಂಕದ ಇಬ್ಬರಲ್ಲಿ ಇವರ ದಾರಿ ಉದ್ದ, ಅವರ ಸಂಖ್ಯೆ ಹೆಚ್ಚಿರುವ ಕಾಲೇಜನ್ನು ಅಂಥದೇ ಕಾಲೇಜಿನ ಜೊತೆಗೇ ಹೋಲಿಸಬೇಕು. ಸ್ವಾಯತ್ತ ಕಾಲೇಜುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅಲ್ಲಿ ಪಾಠ ಮಾಡುವವರೇ ಪ್ರಶ್ನೆಪತ್ರಿಕೆಯನ್ನೂ ಮಾಡುತ್ತಾರೆ.

ಅಲ್ಲಿಗೆ ಬೇಕಾದದ್ದು ಕಾಗದಗಳನ್ನೇ ಕೈಗೆತ್ತಿಕೊಂಡು ಓದುವುದು. ಇಂಗ್ಲೆಂಡಿನಲ್ಲಿ ಡರಂ ವಿಶ್ವವಿದ್ಯಾಲಯ 1832ರಲ್ಲಿ ಶುರುವಾದಾಗ ತನ್ನ ಪದವಿಯ ಮಟ್ಟ ಆಕ್ಸ್‌ಫರ್ಡಿಗೆ ಸಮ ಎಂದು ತೋರಿಸಲು ಅಲ್ಲಿಂದ ಪರೀಕ್ಷಕರನ್ನು ಕರೆಸಿತು. ಹೊರಗಿನ ಪರೀಕ್ಷಕರು ಮಾದರಿ ಉತ್ತರಪತ್ರಿಕೆಗಳನ್ನು ಓದಿ ವರದಿ ಬರೆಯುವ ಪದ್ಧತಿ ಅಲ್ಲಿ ಇಂದಿಗೂ ಇದೆ. ಪಿಯರ್ ಟೀಮ್ ಎರಡು ದಿನ ಪವರ್‌ಪಾಯಿಂಟ್ ನೋಡುವ ಬದಲು ಪ್ರತಿ ವಿಭಾಗದಿಂದ ಚೀಟಿ ಎತ್ತಿ 20 ಉತ್ತರಪತ್ರಿಕೆ ತೆಗೆದು ಓದಿದರೆ ಎಷ್ಟೋ ಹೆಚ್ಚು ತಿಳಿಯುತ್ತದೆ.

ಪ್ರಶ್ನೆಪತ್ರಿಕೆ ಓದುವುದಕ್ಕೂ ಒಂದು ರೀತಿ ಇದೆ. ಈಗ ವಿಟಿಯು ಪ್ರಶ್ನೆಪತ್ರಿಕೆಗಳಲ್ಲಿ ಒಂದೊಂದು ಪ್ರಶ್ನೆಯ ಮುಂದೆ ಅಂಕದ ಜೊತೆ ಎಲ್1, ಎಲ್2, ಎಲ್3 ಎಂದು ಆಲೋಚನೆಯ ಮಟ್ಟವನ್ನೂ ಅಚ್ಚು ಹಾಕುತ್ತಾರೆ. ನೆನಪಿಟ್ಟು ಬರೆಯುವುದು ಎಲ್1, ವಿಶ್ಲೇಷಣೆ ಎಲ್4. ಅಚ್ಚಾದ ಸಂಖ್ಯೆ ನಂಬಬೇಡಿ. ಹಿಂದಿನ ಮೂರು ವರ್ಷದ ಪತ್ರಿಕೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎಲ್4 ಎಂದು ಬರೆದ ಪ್ರಶ್ನೆಯೇ ಕಳೆದ ವರ್ಷ ಅಕ್ಷರವೂ ಬದಲಾಗದೆ ಬಂದಿದ್ದರೆ ಅದು ಈ ವರ್ಷ ಎಲ್1. ವಿದ್ಯಾರ್ಥಿ ಮಾಡುವುದು ಬಾಯಿಪಾಠವನ್ನೇ. ಹಾಗೆಯೇ ಅಂಕಪಟ್ಟಿಯಲ್ಲಿ ಆಂತರಿಕ 50 ಮತ್ತು ಅಂತಿಮ ಪರೀಕ್ಷೆಯ 50ರ ನಡುವಿನ ಅಂತರ ನೋಡಿ. ತರಗತಿಯ ಸರಾಸರಿ ಒಳಗೆ 46, ಹೊರಗೆ 21 ಆಗಿದ್ದರೆ ಕಾಲೇಜು ತನ್ನ ಮಕ್ಕಳಿಗೆ ನಿಜ ಹೇಳುತ್ತಿಲ್ಲ ಎಂದರ್ಥ. ಆ 46 ಕೊಟ್ಟವರು ಮೇ ತಿಂಗಳಲ್ಲಿ ಏನಾಗಲಿದೆ ಎಂದು ಮಾರ್ಚ್‌ನಲ್ಲೇ ಬಲ್ಲವರು.

ಪ್ರಯೋಗಾಲಯದ ರೆಕಾರ್ಡ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕ ಸಾಕ್ಷಿ. ಬಿ.ಎಸ್ಸಿ. ಮೊದಲ ವರ್ಷದ ಬಾರ್ ಪೆಂಡುಲಮ್ ತೆಗೆದುಕೊಳ್ಳಿ. ಸರಳನ್ನು ಕತ್ತಿಯಂಚಿನ ಮೇಲೆ ತೂಗುಬಿಟ್ಟು 20 ಆಂದೋಲನಗಳಿಗೆ ಹಿಡಿದ ಹೊತ್ತನ್ನು ಅಳೆದು ಗುರುತ್ವದ ಬೆಲೆ ಕಂಡುಹಿಡಿಯುವುದು. 20 ಆಂದೋಲನಕ್ಕೆ ಸುಮಾರು 32 ಸೆಕೆಂಡ್. ಸ್ಟಾಪ್‌ವಾಚಿನ ಗುಂಡಿ ಒತ್ತುವುದರಲ್ಲಿ 0.2 ಸೆಕೆಂಡ್ ಹೆಚ್ಚುಕಡಿಮೆಯಾಗುವುದು ಸಹಜ. ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಆ ತಪ್ಪು ಇಮ್ಮಡಿಸಿ ಉತ್ತರ 0.1ಕ್ಕಿಂತ ಹೆಚ್ಚು ಸರಿಯುತ್ತದೆ. ಹಾಗಾಗಿ 40 ಹುಡುಗರು ನಿಜವಾಗಿ ಅಳೆದಿದ್ದರೆ 9.6, 9.7, 9.9, 10.0 ಹೀಗೆ ಹರಡಿಕೊಂಡ ಉತ್ತರಗಳಿರಬೇಕು. 40 ರೆಕಾರ್ಡುಗಳಲ್ಲೂ 9.8 ಇದ್ದು, ಎಲ್ಲದಕ್ಕೂ ಕೆಂಪು ಶಾಯಿಯ ಸಹಿ ಬಿದ್ದಿದ್ದರೆ ಅಲ್ಲಿ ಪ್ರಯೋಗ ನಡೆದಿಲ್ಲ, ನಕಲು ನಡೆದಿದೆ. ಒಳ್ಳೆಯ ವಿಭಾಗದ ರೆಕಾರ್ಡಿನಲ್ಲಿ 10.1 ಬಂದ ಪುಟದ ಕೆಳಗೆ ಮೇಷ್ಟ್ರು ‘ಯಾಕೆ?’ ಎಂದು ಬರೆದಿರುತ್ತಾರೆ, ಹುಡುಗಿ ‘ಗುಂಡಿ ಸ್ವಲ್ಪ ಬೇಗ ಒತ್ತಿಬಿಟ್ಟೆ’ ಎಂದೋ ‘19 ಎಣಿಸಿ 20 ಎಂದುಕೊಂಡೆ’ ಎಂದೋ ಯೋಚಿಸಿ ಉತ್ತರ ಬರೆದಿರುತ್ತಾಳೆ. (ಎರಡನೆಯದು ಸರಿಯಲ್ಲ: 19 ಎಣಿಸಿ 20 ಎಂದರೆ ಉತ್ತರ 10.9ರ ಆಸುಪಾಸಿಗೆ ಹೋಗುತ್ತದೆ. ಅದನ್ನು ಲೆಕ್ಕ ಹಾಕಿಸಿ ತೋರಿಸುವವರು ನಿಜವಾದ ಮೇಷ್ಟ್ರು.)

ವಿದ್ಯಾರ್ಥಿಗಳ ಅಭಿಪ್ರಾಯ ಕೇಳಲೇಬೇಕು, ಆದರೆ ತೃಪ್ತಿಯನ್ನು ಕಲಿಕೆ ಎಂದು ತಿಳಿಯಬಾರದು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಲೆಕ್ಕ ಬಿಡಿಸುತ್ತಾ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದುಕೊಂಡಿದ್ದರು. ಸೊಗಸಾದ ಉಪನ್ಯಾಸ ಕೇಳಿದವರದು ತದ್ವಿರುದ್ಧ. ಆದ್ದರಿಂದ ‘ಪಾಠ ಚೆನ್ನಾಗಿತ್ತೇ’ ಎನ್ನುವುದಕ್ಕಿಂತ ಅವರಿಗಷ್ಟೇ ಗೊತ್ತಿರುವ ಸಂಗತಿಗಳನ್ನು ಕೇಳಬೇಕು. ಕಳೆದ ವಾರ ಎಷ್ಟು ತರಗತಿ ನಡೆಯಿತು? ಕಿರುಪರೀಕ್ಷೆಯ ಪೇಪರ್ ಎಷ್ಟು ದಿನಕ್ಕೆ ವಾಪಸ್ ಬಂತು, ಅದರಲ್ಲಿ ಅಂಕ ಬಿಟ್ಟು ಬೇರೇನಾದರೂ ಬರೆದಿತ್ತೇ? ನಿನ್ನ ಜೊತೆ ಸೇರಿ ಕಾಲೇಜು ಬಿಟ್ಟವರು ಯಾರು, ಅವರ ಮನೆಗೆ ಕಾಲೇಜಿನಿಂದ ಯಾರಾದರೂ ಫೋನ್ ಮಾಡಿದರೇ?

ಕಾಲೇಜು ನೋಡಲು ಹೋಗುವುದಾದರೆ ಪ್ರವೇಶದ ಕೌಂಟರ್ ತೆರೆದ ದಿನ ಬೇಡ, ಕಾಲೇಜು ದಿನಾಚರಣೆಯೂ ಬೇಡ. ಸೆಮಿಸ್ಟರಿನ ಎಂಟನೆಯ ವಾರದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ. ಸೂಚನಾ ಫಲಕದಲ್ಲಿರುವ ವೇಳಾಪಟ್ಟಿಯ ಫೋಟೊ ತೆಗೆದುಕೊಂಡು ಆ ಹೊತ್ತಿಗೆ ಎಷ್ಟು ತರಗತಿ ನಡೆಯಬೇಕು ಎಂದು ಎಣಿಸಿ, ಕಾರಿಡಾರಿನಲ್ಲಿ ನಡೆಯುತ್ತಾ ಎಷ್ಟು ನಡೆಯುತ್ತಿವೆ ಎಂದು ನೋಡಿ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ನಿಮ್ಮ ಮಗಳು ಓದಲಿರುವ ವಿಷಯದ ಕಪಾಟಿನಿಂದ ನಾಲ್ಕು ಪುಸ್ತಕ ತೆಗೆದು ಕೊನೆಯ ಪುಟ ತಿರುಗಿಸಿ. ಹಿಂತಿರುಗಿಸುವ ದಿನಾಂಕದ ಮುದ್ರೆ ಒತ್ತುವ ಚೀಟಿ ಅಲ್ಲಿ ಅಂಟಿಸಿರುತ್ತದೆ. ಬಾರ್‌ಕೋಡ್ ಬಂದ ಕಡೆ ಚೀಟಿ ಖಾಲಿ ಇರುತ್ತದೆ, ಆಗ ಗ್ರಂಥಪಾಲಕರನ್ನು ಕೇಳಿದರೆ ಅದೇ ಪುಸ್ತಕ ಈ ವರ್ಷ ಎಷ್ಟು ಸಲ ಹೊರಗೆ ಹೋಗಿದೆ ಎಂದು ಪರದೆಯ ಮೇಲೆ ತೋರಿಸುತ್ತಾರೆ. ಬೆನ್ನು ಕಿತ್ತು ದಪ್ಪ ದಾರದಲ್ಲಿ ಮರಳಿ ಹೊಲಿಸಿದ, ಮೂಲೆ ಮಾಸಿದ, ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಕನ್ನಡದ ಅರ್ಥ ಬರೆದ ಪುಸ್ತಕವೊಂದು ಸಿಕ್ಕರೆ ಅದನ್ನು ಎರವಲು ಪಡೆದವರು ಯಾವ ವಿಭಾಗದವರು ಎಂದು ವಿಚಾರಿಸಿ, ಆ ವಿಭಾಗದ ಮೇಷ್ಟ್ರನ್ನು ಕಂಡು ಮಾತಾಡಿ ಬನ್ನಿ.